ಹಿಂದೆ ಜಾಗವಿಲ್ಲದ ಗಾಡಿ

ಆ ಬೈಕನ್ನು ನನ್ನ ಸೀಟಿನ ಅಂಗಡಿಗೆ ತಂದವನು ಮಸ್ಕಿಯ ಒಬ್ಬ ದಪ್ಪನೆಯ ಮನುಷ್ಯ. ಸಿಂಧನೂರಿನ ಸುತ್ತ ಭತ್ತದ ಕಟಾವು ಮುಗಿದಿತ್ತು. ಟ್ರ್ಯಾಕ್ಟರಿನವರ ಸೀಟು ಹೊಲಿದು ಹೊಲಿದು ಬೆರಳು ಬಾತುಕೊಂಡಿದ್ದವು. ಎರಡು ದಿನ ಆರಾಮಾಗಿ ಕೂರೋಣವೆಂದು ಚಹಾದ ಲೋಟ ಹಿಡಿದಿದ್ದೆ. ಅವನು ಸ್ಟ್ಯಾಂಡ್ ಹಾಕಿ ಇಳಿದು, ಸೊಂಟ ನೆಟ್ಟಗೆ ಮಾಡಿಕೊಂಡು ಹೇಳಿದ.

"ಇದಕ್ಕ ಹಳೇ ಕಾಲದ ಸೀಟು ಹಾಕ್ಬೇಕ್ರಿ. ಒಬ್ರ ಕುಂದ್ರೋದು. ಕೆಳಗ ಎರಡು ಸ್ಪ್ರಿಂಗ್ ಇರ್ತಾವಲ್ಲ, ಅಂಥಾದು. ಹಿಂದ ಒಂದು ಕ್ಯಾರಿಯರ್."

"ಯಾಕ್ರೀ, ಈ ವಯಸ್ಸಿನ್ಯಾಗ ಷೋಕಿ ಹತ್ತೇತೇನು?" ಎಂದೆ. ಕಾಲೇಜು ಹುಡುಗರು ಫೋನಿನಲ್ಲಿ ಚಿತ್ರ ತೋರಿಸಿ ಇಂಥ ಸೀಟು ಕೇಳುವುದುಂಟು. ಇವನದು ಹೊಟ್ಟೆ ಟ್ಯಾಂಕಿನ ಮೇಲೆ ಒರಗುವ ವಯಸ್ಸು. ನನ್ನ ತಮಾಷೆಗೆ ಅವನು ನಗಲಿಲ್ಲ.

"ಷೋಕಿ ಅಲ್ರಿ. ಜರೂರತ್ತು."

ಹಳೇ ನಮೂನೆಯ ಭಾರದ ಗಾಡಿ ಅದು. ಇಬ್ಬರು ಕೂರುವ ಉದ್ದ ಸೀಟನ್ನು ಬಿಚ್ಚಿ, ಹೊದಿಕೆ ಸುಲಿದು, ಸ್ಪಂಜನ್ನು ಬೆಂಚಿನ ಮೇಲೆ ಇಟ್ಟೆ. ಹಳೇ ಸ್ಪಂಜನ್ನು ಒಮ್ಮೆ ನೋಡದೆ ನಾನು ಎಸೆಯುವುದಿಲ್ಲ. ಮುಂದಿನ ಅರ್ಧ ನಡುವೆ ಸಮನಾಗಿ, ಆಳವಾಗಿ ಕುಸಿದಿತ್ತು. ಹಿಂದಿನ ಅರ್ಧದಲ್ಲಿ ಎಡಮಗ್ಗುಲು ಮಾತ್ರ ಇಳಿದಿತ್ತು, ಬಲಮಗ್ಗುಲು ಹೊಸದರಂತೆ ಉಬ್ಬಿಕೊಂಡಿತ್ತು. ಸೀರೆ ಉಟ್ಟ ಹೆಣ್ಣುಮಗಳೊಬ್ಬಳು ವರ್ಷಗಟ್ಟಲೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತ ಗುರುತು ಅದು.

"ಇಷ್ಟು ವರ್ಷ ಕುಂತ ಹೆಂಡ್ತೀನ ಈಗ ಇಳಿಸಿ ಎಲ್ಲಿಗೆ ಹೊಂಟೀರಿ?" ಎಂದು ಮತ್ತೆ ಕೆಣಕಿದೆ.

"ಗಾಡಿ ನಂದಲ್ರಿ. ನಮ್ಮ ತಂಗಿ ಗಂಡಂದು," ಎಂದ ಅವನು. ಸ್ಪಂಜಿನ ಕಡೆ ನೋಡುತ್ತ, "ತೀರ್ಕೊಂಡಾರ," ಎಂದ.

ಕೆಣಕುವುದು ಬಿಟ್ಟು ಕೆಲಸಕ್ಕೆ ಇಳಿದೆ. ಸತ್ತವನ ಗಾಡಿಯನ್ನು ಹೆಂಡತಿಯ ಅಣ್ಣ ತನಗೆ ತಕ್ಕಂತೆ ಮಾಡಿಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ನಮ್ಮ ಕಡೆ ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಓಡಿಸುವವರು ಯಾರು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನನ್ನೇ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ನೋಡಿದೆ. ಗಾಡಿಯ ಮೇಲೆ ಕೂರಿಸಿ ತೊಡೆ, ಮೊಳಕಾಲು, ಹ್ಯಾಂಡಲಿಗೆ ಕೈ ಮುಟ್ಟುವ ಅಳತೆ ತೆಗೆದುಕೊಂಡೆ. ಅವನು ಮದುವೆಯ ಅಂಗಿಗೆ ಅಳತೆ ಕೊಡುವವನಂತೆ ಸುಮ್ಮನೆ ಕೂತಿದ್ದ.

ಇಂಥ ಸೀಟಿನ ಕೆಲಸ ನೋಡುವುದಕ್ಕೆ ಸುಲಭ, ಕೂರಿಸುವುದಕ್ಕೆ ಕಷ್ಟ. ತಗಡಿನ ಒಂದು ತಟ್ಟೆ, ಅದರ ಮೂತಿ ಮುಂದೆ ಟ್ಯಾಂಕಿನ ಹಿಂದಿನ ಬೋಲ್ಟಿಗೆ ಬಾಗಿಲ ಹಿಂಜಿನಂತೆ ಆಡಬೇಕು. ಹಿಂಭಾಗ ಎರಡು ಸ್ಪ್ರಿಂಗುಗಳ ಮೇಲೆ ನಿಲ್ಲಬೇಕು. ಕೂತವನ ಭಾರಕ್ಕೆ ಸ್ಪ್ರಿಂಗು ಒಂದೂವರೆ ಇಂಚಿನಷ್ಟು ತಗ್ಗಿ ಅಲ್ಲಿ ನಿಂತರೆ ಅದು ಸೀಟು. ತಗ್ಗದಿದ್ದರೆ ಕಲ್ಲು, ಪೂರ್ತಿ ತಗ್ಗಿದರೆ ತಟ್ಟೆ ಹೋಗಿ ಮಡ್‌ಗಾರ್ಡಿಗೆ ಬಡಿಯುತ್ತದೆ. ನಮ್ಮಲ್ಲಿ ಸ್ಪ್ರಿಂಗಿಗೆ ಬರವಿಲ್ಲ, ಗುಜರಿಗೆ ಹೋದ ಟ್ರ್ಯಾಕ್ಟರ್ ಸೀಟುಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಅವನ ತೂಕಕ್ಕೆ ಸರಿಯಾದ ಜೋಡಿ ಆರಿಸಿದೆ. ಚಾಸಿಗೆ ಬೆಸುಗೆ ಹಾಕದೆ ಕ್ಲ್ಯಾಂಪ್ ಮಾಡಿ, ಅದರ ಮೇಲೆ ಬಟ್ಟಲಿನಂಥ ಎರಡು ಕುರ್ಚಿ ಕೂರಿಸಿ ಸ್ಪ್ರಿಂಗುಗಳನ್ನು ನಿಲ್ಲಿಸಿದೆ. ಚಾಸಿಗೆ ಬೆಂಕಿ ಮುಟ್ಟಿಸುವುದು, ಗರಗಸ ಹಚ್ಚುವುದು ನನಗೆ ಆಗದ ಕೆಲಸ. ಮಾಡಿದ್ದನ್ನು ಬಿಚ್ಚಿದರೆ ಗಾಡಿ ಮೊದಲಿನ ಹಾಗೆ ಸಿಗಬೇಕು.

ಅಣ್ಣ ಗಾಡಿಯನ್ನು ಮಸ್ಕಿಗೆ ತಂದುಕೊಡಲು ಹೇಳಿದ್ದ. ತಂಗಿ ಲಿಂಗಸುಗೂರಿನಿಂದ ಬಂದಿರುತ್ತಾಳೆ, ಆಕೆಯೂ ನೋಡಲಿ ಎಂದಿದ್ದ. ಓಡಿಸಿಕೊಂಡು ಹೋದೆ. ಅವನ ಮನೆಯ ಮುಂದಿನ ಬಯಲಿನಲ್ಲಿ ಆಕೆ ನಿಂತಿದ್ದಳು. ಚೂಡಿದಾರ, ತೋಳಿನ ಮೇಲೆ ಮಡಿಸಿಕೊಂಡ ಬಿಳಿ ಕೋಟು. ಮುದಗಲ್ ಕಡೆಯ ಹಳ್ಳಿಗಳಿಗೆ ಲಸಿಕೆ ಹಾಕಲು ಹೋಗುವ ನರ್ಸು. ಊರವರಿಗೆ ಸಿಸ್ಟರು. ಎತ್ತರ ನನ್ನ ಭುಜಕ್ಕೆ ಬರುವಷ್ಟು.

ನಾನು ಕೀಲಿಯನ್ನು ಅಣ್ಣನ ಕೈಗೆ ಕೊಟ್ಟೆ. ಅವನು ಅದನ್ನು ತಂಗಿಯ ಕೈಗೆ ಕೊಟ್ಟ. ಆಕೆ ದುಪಟ್ಟಾ ಸೊಂಟಕ್ಕೆ ಬಿಗಿದು ಗಾಡಿ ಏರಿದಳು.

ನನಗೆ ಅರ್ಥವಾಗುವುದರೊಳಗೆ ಆಗುವುದು ಆಗಿಹೋಗಿತ್ತು. ಸ್ಪ್ರಿಂಗು ಆಕೆಯ ಭಾರಕ್ಕೆ ಕೂದಲೆಳೆಯಷ್ಟೂ ತಗ್ಗಲಿಲ್ಲ. ಎರಡು ಪಾದಗಳೂ ನೆಲಕ್ಕೆ ಸಿಗದೆ ತೂಗಾಡಿದವು. ಆಕೆ ಒಂದು ಕಡೆ ವಾಲಿ ಬೆರಳ ತುದಿ ಊರಲು ಹೋದಳು. ಭಾರ ತಡೆಯಲಾಗದೆ ಗಾಡಿ ಹಾಗೇ ಮಗುಚಿತು. ನಾವು ಎತ್ತಿ ನಿಲ್ಲಿಸುವಷ್ಟರಲ್ಲಿ ಮೊಳಕಾಲಿನ ಕೆಳಗೆ ತರಚಿ ರಕ್ತ ಬಂದಿತ್ತು. ಆಕೆ ಅದನ್ನು ನೋಡಲೂ ಇಲ್ಲ, ಸೀಟಿನ ಮೇಲಿನ ಮಣ್ಣು ಒರೆಸುತ್ತಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. "ಯಾರು ಓಡಸ್ತಾರ ಅಂತ ಮೊದ್ಲು ಹೇಳಾಕ ಏನಾಗಿತ್ತ್ರೀ ನಿಮಗ? ತಕ್ಕಡಿ ಮ್ಯಾಲ ನಿಂತು ತೂಕಾನೂ ಕೊಟ್ರಲ್ಲ!" ಎಂದು ಅಣ್ಣನ ಮೇಲೆ ಹರಿಹಾಯ್ದೆ.

"ಹೆಣ್ಮಗಳು ಓಡಸ್ತಾಳ ಅಂದಿದ್ರ ನೀವು ಮಾಡ್ತಿದ್ದಿಲ್ರಿ," ಎಂದ ಅವನು ತಲೆ ತಗ್ಗಿಸಿ. "ಇಲ್ಲಿ ಇಬ್ರು ಮಿಸ್ತ್ರಿಗೆ ಹೇಳಿದ್ದೆ. ಒಬ್ಬ ನಕ್ಕ. ಇನ್ನೊಬ್ಬ ಸ್ಕೂಟಿ ಕೊಡಸ್ರಿ ಅಂದ."

ನಾನೂ ಅದನ್ನೇ ಅನ್ನುತ್ತಿದ್ದೆ. ಅಂದೇಬಿಟ್ಟೆ ಕೂಡ.

"ಎರೆ ಹೊಲದ ದಾರಿ ರೀ," ಎಂದಳು ಸಿಸ್ಟರು. "ಮಳಿ ಆತಂದ್ರ ಸಣ್ಣ ಗಾಲಿ ಹೂತು ಹೋಗ್ತಾವ. ಇದು ನನಗ ಓಡಸಾಕ ಬರ್ತೈತಿ. ಅವ್ರ ಕಲಿಸಿದ್ರು, ಕಾಲುವೆ ದಂಡ್ಯಾಗ. ಗೇರ್ ಹಾಕಾಕ ಬರ್ತೈತಿ, ಹೋಗಾಕ ಬರ್ತೈತಿ. ಕಾಲು ಮುಟ್ಟಂಗಿಲ್ಲ, ಅದಕ್ಕ ನಿಲ್ಲಸಾಕ ಬರಂಗಿಲ್ಲ. ನಾನು ನಿಲ್ಲಸೂ ಮುಂದ ಅವ್ರು ಓಡಿ ಬಂದು ಹಿಡೀತಿದ್ರು."

ಅಣ್ಣ ಗಾಯಕ್ಕೆ ಹಚ್ಚಲು ಅರಿಶಿಣ ತರುತ್ತೇನೆಂದು ಒಳಗೆ ಹೋದ. ಇಂಜೆಕ್ಷನ್ ಕೊಡುವಾಕೆಗೆ ಅರಿಶಿಣ. ಬೇರೆ ಹೊತ್ತಾಗಿದ್ದರೆ ನಕ್ಕುಬಿಡುತ್ತಿದ್ದೆ. ನಾನು ಆಕೆಗೆ ಸುಲಭದ ದಾರಿ ಹೇಳಿದೆ. ಈ ಸ್ಪ್ರಿಂಗಿನ ಸೀಟು ಮರೆತುಬಿಡಿ. ಹಳೇ ಉದ್ದ ಸೀಟಿನ ಸ್ಪಂಜನ್ನೇ ತೆಳ್ಳಗೆ ಕೊಯ್ದು ಹೊಲಿದುಕೊಡುತ್ತೇನೆ. ಎರಡು ಇಂಚು ಇಳಿಯುತ್ತದೆ, ಒಂದೇ ದಿನದ ಕೆಲಸ, ಹಿಂದೆ ಯಾರಾದರೂ ಕೂರಬೇಕೆಂದರೆ ಜಾಗವೂ ಇರುತ್ತದೆ.

"ಹಿಂದ ಜಾಗ ಇರಬಾರದ್ರಿ," ಎಂದಳು.

ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಯಾಕೆ ಎಂದು ಕೇಳಿದೆ. ಒಬ್ಬರ ಸೀಟು ಮಾಡಬೇಕೆಂದರೆ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಹಿಡಿಯಬೇಕು, ಕಾರಣ ತಿಳಿಯದೆ ಯಾಕೆ ಮಾಡಲಿ ಎಂದೂ ಸೇರಿಸಿದೆ. ಆಕೆ ಮನೆಯ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಅವ್ರು ಹೋದ ಮ್ಯಾಲ ನಮ್ಮ ಮೈದುನ ಗಾಡಿ ಓಡಸ್ತಾನ. ನನ್ನ ಹಳ್ಳಿಗೆ ಬಿಡಾಕ ಅವನ ಬರ್ತಾನ. ನೀ ಹಿಂದ ಕುಂದ್ರು ಅಂತಾನ. ಅತ್ತೀನೂ ಹಂಗ ಅಂತಾರ." ಆಕೆ ಸೊಂಟದ ದುಪಟ್ಟಾದ ಗಂಟು ಬಿಗಿದಳು. "ರಸ್ತಾ ಖಾಲಿ ಇದ್ರೂ ಬ್ರೇಕ್ ಹಾಕ್ತಾನ್ರಿ."

ಇಷ್ಟು ವರ್ಷ ಬ್ರೇಕಿನ ಬಗ್ಗೆ ನಾನು ಎಷ್ಟೋ ದೂರು ಕೇಳಿದ್ದೇನೆ. ಇಂಥ ದೂರು ಯಾರೂ ಹೇಳಿರಲಿಲ್ಲ. ನನಗೆ ಆಕೆಯ ಮುಖ ನೋಡಲಾಗಲಿಲ್ಲ. ಷೋಕಿ ಎಂದು ಹಲ್ಲು ಕಿರಿದಿದ್ದು ನೆನಪಾಯಿತು.

"ಅಣ್ಣಗ ಗೊತ್ತಿಲ್ಲ," ಎಂದಳು. "ಗೊತ್ತಾತಂದ್ರ ಹೊಡ್ಯಾಕ ಹೋಗ್ತಾನ. ಆಮ್ಯಾಲ ನನ್ನ ತವರಿಗೆ ಕಳಸ್ತಾರ. ಮಗಳನ್ನ ಕಳಸಂಗಿಲ್ಲ. ಒಬ್ರ ಕುಂದ್ರೋ ಸೀಟಿದ್ರ, ಹಿಂದ ನನ್ನ ಲಸಿಕಿ ಡಬ್ಬಿ ಇದ್ರ, ನೀ ಕುಂದ್ರು ಅನ್ನಾಕ ಬರಂಗಿಲ್ಲಲ್ರಿ. ಜಗಳಾನೂ ಆಗಂಗಿಲ್ಲ."

ಅಣ್ಣ ಅರಿಶಿಣದ ಬಟ್ಟಲು ಹಿಡಿದು ಬಂದ. ನಾನು ಗಾಡಿ ತಿರುಗಿಸಿಕೊಂಡು ಸಿಂಧನೂರಿಗೆ ಹೊರಟೆ. ದಾರಿಯುದ್ದಕ್ಕೂ ಒಂದೇ ಮಾತು ತಲೆಯಲ್ಲಿತ್ತು. ಆಕೆಯ ಎರಡು ಅಂಗಾಲೂ ನೆಲಕ್ಕೆ ಪೂರ್ತಿ ಊರಬೇಕು.

ಅವಸರ ಮಾಡಿ ಮೊದಲ ದಿನವೇ ಕೆಡಿಸಿದೆ. ಸೀಟು ಇಳಿಸಬೇಕಲ್ಲ ಎಂದು ಅದೇ ಸ್ಪ್ರಿಂಗುಗಳ ಒಂದೂವರೆ ಸುತ್ತು ಕತ್ತರಿಸಿದೆ. ಕತ್ತರಿಸಿದ ಸ್ಪ್ರಿಂಗು ಗಿಡ್ಡವಾಗುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ, ಇನ್ನೂ ಸೆಟೆದುಕೊಳ್ಳುತ್ತದೆ. ಇದು ನನಗೆ ತಿಳಿಯದ್ದೇನಲ್ಲ. ಪಕ್ಕದ ಅಂಗಡಿಯ ಸಣಕಲು ಟೇಲರನನ್ನು ಕೂರಿಸಿ ಒಂದು ಸುತ್ತು ಕಳಿಸಿದೆ. ಅವನು ಬೆನ್ನು ಹಿಡಿದುಕೊಂಡು ಬಂದ. "ಇದೇನು ಸೀಟೋ, ಒರಳುಕಲ್ಲೋ ಮಾರಾಯ?" ಎಂದ. ಆ ಜೋಡಿಯನ್ನು ಗುಜರಿಯ ಡಬ್ಬಿಗೆ ಎಸೆದೆ.

ಹಗುರ ಮೈಯವರಿಗೆ ಬೇಕಾದ ಸ್ಪ್ರಿಂಗು ಟ್ರ್ಯಾಕ್ಟರಿನಲ್ಲಿ ಸಿಗುವುದಿಲ್ಲ. ಎರಡು ದಿನ ಗುಜರಿಯಲ್ಲಿ ಕೈಯಾಡಿಸಿ ಸಾಕಾಯಿತು. ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಮೀನಿನವನು ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ ಬೀಡಿ ಹಚ್ಚಿದ. ಅವನ ಸೈಕಲಿನದು ಅಗಲವಾದ ಹಳೇ ಚರ್ಮದ ಸೀಟು, ಹಿಂದೆ ದಪ್ಪ ಸುರುಳಿಯ ಎರಡು ಸ್ಪ್ರಿಂಗು. ಅವನು ಇಳಿದಾಗ ಅವು ಮೆಲ್ಲಗೆ ಮೇಲೇರಿದವು. ನಾನು ಎದ್ದು ಹೋಗಿ ಕೈಯಿಂದ ಒತ್ತಿ ನೋಡಿದೆ. ಅವನು ಹೆದರಿ, "ಕ್ಯಾ ಹುವಾ ಭಾಯಿ?" ಎಂದ. ಅಂಥದ್ದೇ ಇನ್ನೊಂದು ಸೀಟು ಮನೆಯ ಅಟ್ಟದಲ್ಲಿದೆ ಎಂದು ಹೇಳಿ ಮರುದಿನ ಮೀನಿನ ಬುಟ್ಟಿಯಲ್ಲೇ ಹಾಕಿಕೊಂಡು ಬಂದ. ಸೀಮೆಎಣ್ಣೆಯಲ್ಲಿ ತೊಳೆದರೂ ವಾಸನೆ ಹೋಗಲು ಬಹಳ ಹೊತ್ತು ಹಿಡಿಯಿತು.

ಸ್ಪ್ರಿಂಗು ಸಿಕ್ಕರೆ ಮುಗಿಯಲಿಲ್ಲ. ಕ್ಲ್ಯಾಂಪುಗಳನ್ನು ಬಿಚ್ಚಿ ಚಾಸಿಯ ಮೇಲಿನಿಂದ ಪಕ್ಕಕ್ಕೆ, ಎರಡು ಇಂಚು ಕೆಳಗೆ ಕಟ್ಟಿದೆ. ಮುಂದಿನ ಹಿಂಜನ್ನೂ ಅಷ್ಟೇ ಇಳಿಸಬೇಕಾಯಿತು, ಇಲ್ಲದಿದ್ದರೆ ಕೂತವರು ಹಿಂದಕ್ಕೆ ಜಾರುತ್ತಾರೆ. ತಟ್ಟೆ ಅಗಲವಾಗಿದ್ದರೆ ತೊಡೆ ಅಗಲಿಸಿ ಕಾಲು ಇನ್ನಷ್ಟು ಮೇಲಾಗುತ್ತದೆ. ಹಾಗಾಗಿ ಮೊದಲಿನ ತಟ್ಟೆ ಬಿಟ್ಟು ಬೇರೆ ತಗಡು ಬಡಿದೆ, ಮೂತಿಯನ್ನು ಸಣ್ಣಗೆ ಮಾಡಿದೆ. ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರನ್ನು ಅತಿ ಮೆತ್ತನೆಯ ಹಲ್ಲಿಗೆ ತಿರುಗಿಸಿದೆ. ಬರಿ ಮಡ್‌ಗಾರ್ಡಿಗೆ ಕ್ಯಾರಿಯರ್ ಕೂರಿಸಿದರೆ ನಾಲ್ಕು ತಿಂಗಳಿಗೆ ಸೀಳುತ್ತದೆ. ಅದಕ್ಕೆ ಚಾಸಿಗೆ ಕ್ಲ್ಯಾಂಪ್ ಬಿಗಿದು ಎರಡು ಕಾಲು ಎಬ್ಬಿಸಿ, ಲಸಿಕೆ ಡಬ್ಬಿಯ ಅಳತೆಗೆ ಸುತ್ತ ಎತ್ತರದ ಕಂಬಿ ಕಟ್ಟಿದೆ, ಡಬ್ಬಿ ಇಲ್ಲದಿದ್ದರೂ ಅದರ ಮೇಲೆ ಯಾರೂ ಕೂರುವಂತಿರಲಿಲ್ಲ. ಡಬ್ಬಿ ಕೂತ ಮೇಲೆ ಸೀಟಿಗೂ ಅದಕ್ಕೂ ನಡುವೆ ಅಂಗೈ ಇಡುವಷ್ಟು ಜಾಗ ಉಳಿಯಿತು. ಒಂದು ಮಗು ಕೂಡ ಕೂರುವಂತಿರಲಿಲ್ಲ. ಆ ಜಾಗವನ್ನು ಮತ್ತೆ ಮತ್ತೆ ಅಳೆದು ನೋಡಿದೆ.

ಈ ಸಲ ಆಕೆಯೇ ಬಸ್ಸಿಗೆ ಸಿಂಧನೂರಿಗೆ ಬಂದಳು. ಏರಿ ಕೂತಳು. ಸ್ಪ್ರಿಂಗುಗಳು ನಿಟ್ಟುಸಿರು ಬಿಟ್ಟಂತೆ ತಗ್ಗಿ ನಿಂತವು. ಎರಡೂ ಚಪ್ಪಲಿ ಹಿಮ್ಮಡಿಯ ಸಮೇತ ನೆಲಕ್ಕೆ ಊರಿದವು. ನನಗೆ ಕೂಗಬೇಕೆನಿಸುವಷ್ಟು ಸಂತೋಷವಾಯಿತು. ಆಕೆ ಗಾಡಿ ಚಾಲೂ ಮಾಡದೆ ಹ್ಯಾಂಡಲ್ ಹಿಡಿದು ಹಾಗೇ ಕೂತಿದ್ದಳು.

"ಏನ್ರಿ, ಇನ್ನೂ ಎತ್ತರ ಆತೇನು?" ಎಂದೆ.

"ಇಲ್ರಿ, ಬರೋಬರ್ ಐತಿ," ಎಂದಳು. "ಇಷ್ಟು ವರ್ಷ ಎದುರಿಗೆ ಅವ್ರ ಬೆನ್ನಿರ್ತಿತ್ತು. ಈಗ ಏನೂ ಇಲ್ಲ. ರಸ್ತಾ ಅಷ್ಟ ಐತಿ."

ಅಲ್ಲೇ ಕೂತು ಅತ್ತಳು. ಕಾಮಾಲೆಯಂತೆ ಗಂಡನಿಗೆ. ಮೈ ಹಳದಿಯಾಗಿದ್ದನ್ನು ಬಿಸಿಲು ಎಂದು ಹೇಳಿ ಮುಚ್ಚಿಟ್ಟನಂತೆ. ಊರ ಮಕ್ಕಳಿಗೆಲ್ಲ ಸೂಜಿ ಹಾಕುವಾಕೆ ಮನೆಯಲ್ಲಿದ್ದವನ ಕಣ್ಣು ನೋಡಲಿಲ್ಲವಲ್ಲ ಎಂದು ಅತ್ತೆ ಇಂದಿಗೂ ಅನ್ನುತ್ತಾರಂತೆ. ನಾನು ನೀರು ತಂದುಕೊಟ್ಟೆ. ಬೇರೇನು ಮಾಡಬೇಕೆಂದು ತಿಳಿಯದೆ, ಆಗಲೇ ಬಿಗಿದಿದ್ದ ನಟ್ಟುಗಳನ್ನು ಇನ್ನೊಮ್ಮೆ ಬಿಗಿದೆ.

ಹೊರಡುವಾಗ ಹಳೇ ಉದ್ದ ಸೀಟನ್ನು ಗೋಣಿಚೀಲದಲ್ಲಿ ಸುತ್ತಿ ಕೊಟ್ಟೆ. "ಚಾಸಿಗೆ ಒಂದು ಗೆರಿ ಸುದ್ದಾ ಬಿದ್ದಿಲ್ರಿ," ಎಂದು ಜಂಬದಿಂದ ಹೇಳಿದೆ. "ಯಾವಾಗ ಬೇಕಂದ್ರೂ ನಾಕು ಬೋಲ್ಟ್ ಬಿಚ್ಚಿದ್ರ ಮೊದಲಿನ ಸೀಟು ಹಂಗ ಕುಂದರ್ತೈತಿ."

"ಕುಂದರ್ತೈತೇನ್ರಿ?" ಎಂದಳು. ಆ ದನಿಯಲ್ಲಿ ಖುಷಿ ಇರಲಿಲ್ಲ. ನನ್ನ ಕೆಲಸದ ಹೆಮ್ಮೆಯಲ್ಲಿ ನನಗೆ ಅದು ಕೇಳಿಸಿಯೂ ಕೇಳಿಸಲಿಲ್ಲ. ಆಕೆ ಮಸ್ಕಿ ರಸ್ತೆ ಹಿಡಿದು, ಎದುರಿಗೆ ಲಾರಿ ಬಂದಾಗ ನಿಲ್ಲಿಸಿ, ಕಾಲೂರಿ, ಮತ್ತೆ ಹೊರಟಳು. ನಿಲ್ಲಿಸಿದ್ದನ್ನು ನೋಡಿ ನಾನು ಒಳಗೆ ಬಂದೆ.

ಮಳೆಗಾಲ ಕಳೆಯಿತು. ಒಂದು ದಿನ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಮಾಡುತ್ತ ಗಾಡಿಯೊಂದು ಅಂಗಡಿಗೆ ಬಂತು. ತಲೆಯೆತ್ತುವ ಮೊದಲೇ ಆ ಸದ್ದು ಯಾವುದೆಂದು ಗೊತ್ತಾಯಿತು. ಭಾರ ತಡೆಯದೆ ಸ್ಪ್ರಿಂಗು ಪೂರ್ತಿ ಕೂತು ತಟ್ಟೆ ಮಡ್‌ಗಾರ್ಡಿಗೆ ಹೊಡೆಯುತ್ತಿತ್ತು. ಓಡಿಸಿಕೊಂಡು ಬಂದವನು ಇಸ್ತ್ರಿ ಅಂಗಿಯ, ಎತ್ತರದ ಮೈಕಟ್ಟಿನ ಯುವಕ. ಹಣೆಯಲ್ಲಿ ವಿಭೂತಿ. ಮಾತು ಬಹಳ ಸೌಮ್ಯ.

"ಅಣ್ಣಾರ, ಸೀಟು ಛಲೋ ಮಾಡೀರಿ. ಆದ್ರ ನಾ ಕುಂತ್ರ ತಳಕ್ಕ ಬಡೀತೈತಿ. ಜರಾ ಗಟ್ಟಿ ಸ್ಪ್ರಿಂಗ್ ಹಾಕಿಕೊಡ್ರಿ."

"ಈ ಗಾಡಿ ಸಿಸ್ಟರ್ದಲ್ಲೇನ್ರಿ?"

"ಮನಿ ಗಾಡಿ ರೀ. ನಮ್ಮಣ್ಣಂದು. ಅತ್ತಿಗಿ ಈಗ ಬಸ್ಸಿಗೆ ಹೋಗ್ತಾಳ." ಕ್ಯಾರಿಯರಿನಲ್ಲಿ ಲಸಿಕೆ ಡಬ್ಬಿ ಇರಲಿಲ್ಲ, ಅವನ ಜರ್ಕಿನ್ ಇತ್ತು.

ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ. ಅಂಥ ಸ್ಪ್ರಿಂಗು ನನ್ನ ಹತ್ತಿರ ಇಲ್ಲ, ಆಗುವುದಿಲ್ಲ ಎಂದೆ.

"ಆಗ್ದಿದ್ರ ಬಿಡ್ರಿ," ಎಂದ ಅವನು ಬೇಸರವಿಲ್ಲದೆ. "ಹಳೇ ಸೀಟು ಮನ್ಯಾಗ ಐತಿ. ನಾಕು ಬೋಲ್ಟ್ ಅಂತ, ಎಲ್ಲಿ ಬೇಕಾದ್ರೂ ಹಾಕಸ್ತೀನಿ."

ಕೂತಿರಿ ಎಂದು ಅವನಿಗೆ ಚಹಾ ಹೇಳಿ, ಅಂಗಡಿಯ ಹಿಂದೆ ಹೋಗಿ ಸಿಸ್ಟರಿಗೆ ಫೋನ್ ಮಾಡಿದೆ. ಆಕೆ ಮುದಗಲ್ ಬಸ್ ನಿಲ್ದಾಣದಲ್ಲಿದ್ದಳು. ಕಂಡಕ್ಟರುಗಳ ಕೂಗಿನ ನಡುವೆ ಆಕೆಯ ಮಾತು ತುಂಡು ತುಂಡಾಗಿ ಕೇಳುತ್ತಿತ್ತು.

"ಅತ್ತಿ ಕೀಲಿ ಇಸ್ಕೊಂಡ್ರು ರೀ. ಗಂಡ ಸತ್ತಾಕಿ ಗಾಡಿ ಮ್ಯಾಲ ಊರೂರು ತಿರಗ್ತಾಳ ಅಂತ ಯಾರೋ ಅಂದ್ರಂತ. ಮಗಳ ಮುಂದ ಜಗಳ ಬ್ಯಾಡ ಅಂತ ಕೊಟ್ಟೆ. ಮಳಿಗಾಲ ಪೂರಾ ಓಡಿಸೀನ್ರಿ. ಒಂದ್ಸಲಾನೂ ಬಿದ್ದಿಲ್ಲ."

"ನೀವು ಹೂಂ ಅನ್ರಿ. ಅವನ್ನ ಹಂಗ ಹೊಡದು ಕಳಸ್ತೀನಿ," ಎಂದೆ.

"ಕಳಿಸಬ್ಯಾಡ್ರಿ!" ಎಂದು ಆಕೆ ಗಾಬರಿಯಿಂದ ಹೇಳಿದಳು. "ಗಾಡಿ ಒಯ್ದ ಮರುದಿನ ಬಾ, ಬಿಡ್ತೀನಿ ಅಂದ. ಎಲ್ಲಿ ಕುಂದ್ರಲಿ ಅಂದೆ. ಸುಮ್ನ ಒಬ್ನ ಹೋದ. ನಾ ಬಸ್ಸಿಗೆ ಬಂದೆ. ಹಿಂಗ ಇರ್ಲಿ ರೀ. ಸೀಟು ಬಡ್ಯಾಕತ್ತೈತಿ, ಹಳೇದ ಹಾಕಸ್ತೀನಿ ಅಂತ ದಿನಾ ಅನ್ನಾಕತ್ತಾನ. ನೀವು ಅವಗ ಆರಾಮ ಆಗೋ ಹಂಗ ಮಾಡಿಕೊಡ್ರಿ. ಅವ ಆ ಸೀಟು ಬಿಡಬಾರದು."

ಬಸ್ಸು ಬಂತೆಂದು ಫೋನಿಟ್ಟಳು.

ಗ್ರೈಂಡರ್ ಹಚ್ಚಿ ಹಳೇ ಸೀಟಿನ ಬೋಲ್ಟು ಕೂರುವ ಚಾಸಿಯ ಕಿವಿಗಳನ್ನೇ ಕತ್ತರಿಸಿಬಿಡಲೇ ಎಂದುಕೊಂಡೆ. ಅವನು ಗಾಡಿಯ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಚಹಾ ಕುಡಿಯುತ್ತ ನೋಡುತ್ತಿದ್ದ. ಕತ್ತರಿಸಿದ್ದು ಗೊತ್ತಾದರೆ ಅದರ ಹೊಡೆತ ಯಾರ ಮೇಲೆ ಬೀಳುತ್ತದೆಂದು ನನಗೆ ತಿಳಿದಿತ್ತು. ಸಿಟ್ಟು ನುಂಗಿಕೊಂಡು ಅಂಗಡಿಯ ಮುಂಭಾಗಕ್ಕೆ ಬಂದೆ.

"ಏಳ್ರಿ, ತಕ್ಕಡಿ ಮ್ಯಾಲ ನಿಲ್ಲ್ರಿ," ಎಂದೆ.

ಅವನ ತೂಕ ನೋಡಿದೆ. ಗುಜರಿಗೆ ಹೋಗಿ, ಒಂದೊಂದೇ ಸ್ಪ್ರಿಂಗನ್ನು ಬೆಂಚಿನ ವೈಸಿನ ಹಲ್ಲುಗಳ ನಡುವೆ ಒತ್ತಿ, ಎರಡೂ ಸಮನಾಗಿ ತಗ್ಗುವ ಜೋಡಿ ಸಿಗುವವರೆಗೆ ಆರಿಸಿದೆ. ಹಿಂಜಿನ ಬುಷ್ ಸವೆದಿತ್ತು, ಲೇತಿನಲ್ಲಿ ಹೊಸದು ತಿರುವಿಸಿ ತಂದು ಗ್ರೀಸ್ ತುಂಬಿದೆ. ತಟ್ಟೆ ಅವನಿಗೆ ಇಕ್ಕಟ್ಟಾಗಿತ್ತು. ಅವನ ತೊಡೆಗೆ ತಕ್ಕಂತೆ ಅಂಚುಗಳನ್ನು ಬಡಿದು ಅಗಲಿಸಿದೆ. ಒಳ್ಳೆಯ ಸ್ಪಂಜು ಹಾಕಿ, ಮಳೆಯಲ್ಲಿ ನೀರು ಇಳಿಯದಂತೆ ಒತ್ತೊತ್ತಾಗಿ ಹೊಲಿಗೆ ಹಾಕಿದೆ. ಅವನು ಕೂತು, ಎದ್ದು, ಮತ್ತೆ ಕೂತು ಕುಪ್ಪಳಿಸಿದ.

"ಏನಣ್ಣಾರ, ಪಲ್ಲಂಗ ಆದಂಗ ಆತಲ್ಲ!"

"ಇನ್ನೊಂದು ಸುತ್ತು ಹೋಗಿ ಬರ್ರಿ. ಸಣ್ಣ ಸದ್ದು ಬಂದ್ರೂ ಹೇಳ್ರಿ," ಎಂದೆ.

ಹೋಗಿ ಬಂದ. ಎಡಗಡೆ ಕೊಂಚ ಗಟ್ಟಿ ಅನ್ನಿಸುತ್ತದೆ ಎಂದ. ಬಿಚ್ಚಿ ಒಂದು ವಾಷರ್ ತೆಗೆದೆ. ಮತ್ತೆ ಹೋಗಿ ಬಂದು, ಇನ್ನು ಹತ್ತು ವರ್ಷ ಈ ಸೀಟು ಬದಲಿಸುವುದಿಲ್ಲ ಎಂದ. ಅಷ್ಟು ಕಾಳಜಿಯಿಂದ ನಾನು ಬೇರೆ ಯಾರಿಗೂ ಸೀಟು ಮಾಡಿಕೊಟ್ಟಿಲ್ಲ.